ಮಂಡೆಬಿಸಿ: ಒಗಟು ಬಿಡಿಸುವವರ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧದಷ್ಟು ಬೈಗುಳ. ಬೈದದ್ದು ಒಗಟಿಗೆ, ನಮಗಲ್ಲ ಎಂದುಕೊಂಡು ಉತ್ತರಿಸಲಿಕ್ಕೆ ಬರುವಂಥವನ್ನು ಆರಿಸಿದ್ದೇವೆ. ಕೆಲವು ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಬೈಗುಳವನ್ನು ಪೂರ್ತಿ ತೆಗೆದಿದ್ದೇವೆ.

ಪ್ರಶ್ನೆ: ಭಾನುವಾರದ 'ಕಠಿಣ' ಸುಡೊಕು ಮುಕ್ಕಾಲು ಪಾಲು ಚಂದವಾಗಿ ಬರುತ್ತದೆ. ಕಡೆಗೆ ನಾಲ್ಕೈದು ಮನೆ ಉಳಿದಾಗ ಒಂದೇ ಸಾಲಿನಲ್ಲಿ ಎರಡು 7! ಪ್ರತಿ ವಾರವೂ ಇದೇ ಕಥೆ. ಪೇಪರು ಹರಿದು ಬಿಸಾಡುವುದು ಬಿಟ್ಟು ಬೇರೆ ದಾರಿ ಉಂಟಾ?
— ನಿವೃತ್ತ ಶಿಕ್ಷಕರು, ಕುಲಶೇಖರ

ಉತ್ತರ: ಉಂಟು. ಸುಡೊಕುವಿನಲ್ಲಿ ಪ್ರತಿ ಅಡ್ಡಸಾಲು, ಕಂಬಸಾಲು, ಮೂರು-ಮೂರು ಮನೆಯ ಚೌಕದಲ್ಲಿ 1ರಿಂದ 9 ಒಂದೊಂದೇ ಸಲ ಬರಬೇಕಷ್ಟೆ. ಆದರೆ ಎರಡು 7 ಕಂಡ ಜಾಗದಲ್ಲಿ ತಪ್ಪು ಆಗಿಲ್ಲ. ಅದು ಆದದ್ದು ಹದಿನೈದಿಪ್ಪತ್ತು ಅಂಕಿ ಹಿಂದೆ, 'ಇದು ಇಲ್ಲೇ ಇರಬೇಕು' ಎಂದು ನೀವು ಧೈರ್ಯವಾಗಿ ಬರೆದ ಯಾವುದೋ ಒಂದು ಮನೆಯಲ್ಲಿ. ಅದಕ್ಕೇ ಎರಡರಲ್ಲಿ ಒಂದು 7 ಅಳಿಸಿದರೆ ಏನೂ ಸರಿಹೋಗುವುದಿಲ್ಲ. ಎರಡೂ ತಪ್ಪಿರುವ ಸಂದರ್ಭವೇ ಹೆಚ್ಚು.

ಮೊದಲು ಸಾಮಾನು ಸರಿ ಮಾಡಿಕೊಳ್ಳಿ. ಬಾಲ್‌ಪೆನ್ ಬೇಡ. 2ಬಿ ಪೆನ್ಸಿಲ್ ಮತ್ತು ಮೆತ್ತಗಿನ ರಬ್ಬರು ಸಾಕು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಪರು ಅಂಗಳಕ್ಕೆ ಬೀಳುವಾಗಲೇ ಥಂಡಿ ಹಿಡಿದಿರುತ್ತದೆ, ಎರಡನೇ ಸಲ ಉಜ್ಜಿದಲ್ಲಿ ತೂತು ಬೀಳುತ್ತದೆ. ಹಾಗಾಗಿ ಮಳೆಗಾಲದಲ್ಲಾದರೂ ಪಟವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಒಂದೊಂದು ಮನೆ ಒಂದೂವರೆ ಸೆಂಟಿಮೀಟರ್ ಇರಲಿ. ಕೊಟ್ಟ ಅಂಕಿಗಳು ಪೆನ್ನಿನಲ್ಲಿ, ನಿಮ್ಮವು ಪೆನ್ಸಿಲಿನಲ್ಲಿ. ಇಳಿಸಿದ ಮೇಲೆ ಕೊಟ್ಟ ಅಂಕಿ ಎಷ್ಟಿವೆ ಎಂದು ಎರಡೂ ಕಡೆ ಎಣಿಸಿ. ಒಂದು ಅಂಕಿ ಬಿಟ್ಟುಹೋಗಿ ಇಡೀ ಮಧ್ಯಾಹ್ನ ಹಾಳಾದವರು ಕಡಿಮೆ ಜನ ಅಲ್ಲ. ಎಣಿಕೆ 17ಕ್ಕಿಂತ ಕಡಿಮೆ ಬಂದರೆ ಆ ಪಟವನ್ನು ಮುಟ್ಟಬೇಡಿ. ಹದಿನೇಳಕ್ಕಿಂತ ಕಡಿಮೆ ಅಂಕಿ ಕೊಟ್ಟರೆ ಒಂದೇ ಉತ್ತರ ಬರುವ ಸುಡೊಕು ಸಾಧ್ಯವೇ ಇಲ್ಲ ಎಂದು 2012ರಲ್ಲಿ ಡಬ್ಲಿನ್‌ನ ಗಣಿತಜ್ಞ ಗ್ಯಾರಿ ಮೆಕ್‌ಗೈರ್ ಅವರ ತಂಡ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ತೋರಿಸಿದೆ. ಹಾಗೆಂದು ಕಡಿಮೆ ಅಂಕಿ ಕೊಟ್ಟದ್ದು ಹೆಚ್ಚು ಕಷ್ಟ ಎಂದೇನೂ ಇಲ್ಲ. 30 ಅಂಕಿ ಕೊಟ್ಟೂ ಬೆವರಿಳಿಸುವ ಪಟಗಳಿವೆ.

ಇನ್ನು ಕ್ರಮ. ಶುರುವಿನಲ್ಲೇ ಎಲ್ಲ ಮನೆಗಳಲ್ಲಿ ಬರಬಹುದಾದ ಅಂಕಿಗಳನ್ನೆಲ್ಲ ಸಣ್ಣದಾಗಿ ಬರೆದು ತುಂಬಿಸಬೇಡಿ, ಕಣ್ಣಿಗೆ ಇರುವೆ ಸಾಲಿನಂತೆ ಕಾಣುತ್ತದೆ. 1ರಿಂದ 9ರವರೆಗೆ ಒಂದೊಂದೇ ಅಂಕಿ ಹಿಡಿದು, ಒಂಬತ್ತೂ ಚೌಕಗಳಲ್ಲಿ ಅದಕ್ಕೆ ಒಂದೇ ಜಾಗ ಉಳಿದಿದೆಯಾ ನೋಡಿ. ಎರಡು ಸುತ್ತು ಬಂದರೂ ಹೊಸತೇನೂ ಸಿಗದಾಗ ಮಾತ್ರ ಸಣ್ಣ ಅಂಕಿ ಬರೆಯಲು ಕೂತುಕೊಳ್ಳಿ. ಬರೆಯುವುದಾದರೆ ಇಡೀ ಪಟಕ್ಕೆ ಬರೆಯಿರಿ. ಅರ್ಧಂಬರ್ಧ ಬರೆದು, ಬರೆಯದ ಮನೆಯನ್ನು 'ಬರಲಾರದ ಮನೆ' ಎಂದು ಓದಿಕೊಳ್ಳುವುದೇ ನಿಮ್ಮ ಎರಡು 7ಕ್ಕೆ ಮೊದಲ ಕಾರಣ.

ಎರಡನೇ ಕಾರಣ ಜೋಡಿ. ಒಂದು ಅಡ್ಡಸಾಲಿನಲ್ಲಿ ನಾಲ್ಕು ಮನೆ ಖಾಲಿ, ಬರಬೇಕಾದ ಅಂಕಿ 2, 5, 7, 9 ಎನ್ನೋಣ. ಮೊದಲನೇ ಮನೆಯಲ್ಲಿ 2-7, ನಾಲ್ಕನೇ ಮನೆಯಲ್ಲಿ 2-7, ಆರನೆಯದರಲ್ಲಿ 2-5-9, ಒಂಬತ್ತನೆಯದರಲ್ಲಿ 5-7-9 ಸಾಧ್ಯ. ಮೊದಲ ಎರಡು ಮನೆಗಳು 2 ಮತ್ತು 7ನ್ನು ತಮ್ಮೊಳಗೇ ಹಂಚಿಕೊಳ್ಳುತ್ತವೆ. ಯಾರಿಗೆ ಯಾವುದು ಎಂಬುದು ಗೊತ್ತಿಲ್ಲ, ಆದರೆ ಬೇರೆಯವರಿಗೆ ಸಿಗುವುದಿಲ್ಲ. ಆಗ ಆರನೆಯದರಿಂದ 2, ಒಂಬತ್ತನೆಯದರಿಂದ 7 ಅಳಿಸಬಹುದು. 'ಒಂದು ಅಂಕಿಯೂ ಸಿಗಲಿಲ್ಲ, ಮತ್ತೆಂತ ಪ್ರಯೋಜನ' ಎನ್ನಬೇಡಿ. ಒಂಬತ್ತನೇ ಕಂಬಸಾಲಿನಲ್ಲಿ 7ಕ್ಕೆ ಎರಡೇ ಜಾಗ ಇದ್ದಿದ್ದರೆ, ಈಗ ಒಂದಕ್ಕೆ ಇಳಿಯಿತಲ್ಲ. ಕಠಿಣ ಪಟದಲ್ಲಿ ಫಲ ಸಿಗುವುದು ಯಾವಾಗಲೂ ಬೇರೆ ಮೂಲೆಯಲ್ಲಿ. ತಪ್ಪುವುದು ಎಲ್ಲಿ ಎಂದರೆ, ಒಂದು ಮನೆಯಲ್ಲಿ 2-7, ಇನ್ನೊಂದರಲ್ಲಿ 2-5-7 ಇದ್ದಾಗಲೂ ಅದನ್ನು ಜೋಡಿ ಎಂದು ತಿಳಿದು ಅಳಿಸುವುದು. ಆ 5 ಇರುವವರೆಗೆ ಅದು ಜೋಡಿಯಲ್ಲ.

ಅದಕ್ಕೂ ಮುಂದಿನದು ಅಡ್ಡ-ಉದ್ದ ಹಿಡಿತ. ಎರಡನೇ ಅಡ್ಡಸಾಲಿನಲ್ಲಿ 6 ಬರಬಹುದಾದದ್ದು ಮೂರನೇ ಮತ್ತು ಎಂಟನೇ ಕಂಬಸಾಲಿನಲ್ಲಿ ಮಾತ್ರ, ಏಳನೇ ಅಡ್ಡಸಾಲಿನಲ್ಲೂ ಅದೇ ಎರಡು ಕಂಬಸಾಲುಗಳಲ್ಲಿ ಮಾತ್ರ ಎಂದಿಟ್ಟುಕೊಳ್ಳಿ. ಮೇಲಿನ 6 ಎಡಕ್ಕೆ ಹೋದರೆ ಕೆಳಗಿನದು ಬಲಕ್ಕೆ, ಮೇಲಿನದು ಬಲಕ್ಕಾದರೆ ಕೆಳಗಿನದು ಎಡಕ್ಕೆ. ಹೇಗೇ ಆದರೂ ಆ ಎರಡು ಕಂಬಸಾಲುಗಳ 6 ಈ ನಾಲ್ಕು ಮನೆಗಳಲ್ಲೇ ಮುಗಿಯಿತು. ಆ ಕಂಬಸಾಲುಗಳ ಉಳಿದ ಮನೆಗಳಿಂದ 6 ಅಳಿಸಿ. ಪತ್ರಿಕೆಗಳ 'ಕಠಿಣ' ಪಟಗಳಿಗೆ ಸಾಮಾನ್ಯವಾಗಿ ಇಷ್ಟು ಸಾಕು.

ಇದೆಲ್ಲ ಆದರೂ ಸಿಕ್ಕಿಬಿದ್ದು ಊಹೆ ಮಾಡಲೇಬೇಕಾದರೆ, ಊಹಿಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಊಹಿಸಿದ ಅಂಕಿಗೆ ಸುತ್ತು ಹಾಕಿ, ಅಲ್ಲಿಂದ ಮುಂದೆ ಬರೆದದ್ದಕ್ಕೆಲ್ಲ ಪಕ್ಕದಲ್ಲಿ ಚುಕ್ಕಿ ಇಡಿ. ಎರಡು 7 ಬಂದರೆ ಚುಕ್ಕಿ ಇದ್ದದ್ದನ್ನೆಲ್ಲ ಅಳಿಸಿ, ಸುತ್ತು ಹಾಕಿದ ಮನೆಯಲ್ಲಿ ಇನ್ನೊಂದು ಅಂಕಿ ಹಾಕಿ. ಆಗ ಎರಡು 7 ಬಂದದ್ದು ಸೋಲಲ್ಲ, ಉತ್ತರ.

ಹೆಸರಿನ ಬಗ್ಗೆ ಒಂದು ಮಾತು. 1979ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಮೊದಲು ಬಂದ ಈ ಆಟಕ್ಕೆ ಜಪಾನಿನ ನಿಕೋಲಿ ಸಂಸ್ಥೆ 1984ರಲ್ಲಿ ಇಟ್ಟ ಹೆಸರಿನ ಅರ್ಥ, ಅಂಕಿಗಳು ಬ್ರಹ್ಮಚಾರಿಗಳಾಗಿಯೇ ಇರಬೇಕು ಎಂದು. ನಿಮ್ಮ ಮನೆಯ 7 ಮಾತ್ರ ಪ್ರತಿ ಭಾನುವಾರ ಮದುವೆಯಾಗುತ್ತಿದೆ.

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ದುಂಡು ಮೇಜಿನ ಸುತ್ತ ಕೂರಿಸುವ ಲೆಕ್ಕದಲ್ಲಿ ಎಲ್ಲರೂ ಒಳಮುಖವಾಗಿದ್ದರೆ ನನಗೆ ತಪ್ಪುವುದೇ ಇಲ್ಲ. ಅರ್ಧ ಜನ ಹೊರಮುಖ ಎಂದ ಕೂಡಲೇ ಎಲ್ಲ ಉಲ್ಟಾ. ಮತ್ತೆ, ಗೊತ್ತಿಲ್ಲದ್ದಕ್ಕೆ ಕಣ್ಣು ಮುಚ್ಚಿ ಗುರುತು ಹಾಕಬಹುದಾ?
— ಪದವೀಧರೆ, ಕಾರ್ಕಳ

ಉತ್ತರ: ಕೆನರಾ, ಕಾರ್ಪೊರೇಷನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಹೀಗೆ ಐದು ಬ್ಯಾಂಕ್ ಹುಟ್ಟಿದ ನೆಲ ನಮ್ಮದು. 2019-20ರ ವಿಲೀನಗಳ ನಂತರ ಎರಡರ ಹೆಸರು ಮಾತ್ರ ಉಳಿದಿದೆ, ಆದರೆ ದುಂಡು ಮೇಜು ಅಲ್ಲೇ ಇದೆ.

ಎಲ್ಲರೂ ಒಳಮುಖವಾಗಿದ್ದಾಗ ನಿಮಗೆ ಸರಿ ಬರುವುದು ನಿಮಗೆ ಎಡ-ಬಲ ಗೊತ್ತಿರುವುದರಿಂದಲೇ ಎಂದು ನಂಬಬೇಡಿ. ಒಂದು ಲೆಕ್ಕ ನೋಡಿ. ಆರು ಜನ ಒಳಮುಖವಾಗಿ ಕೂತಿದ್ದಾರೆ. ಸುಮತಿಯ ಎದುರು ರೊನಾಲ್ಡ್. ಸುಮತಿಯ ಬಲಕ್ಕೆ ಎರಡನೆಯವ ಹಮೀದ್. ಗಣೇಶ ಸುಮತಿಯ ಪಕ್ಕದಲ್ಲಿಲ್ಲ. ಲೀಲಾ ಹಮೀದನ ಪಕ್ಕ. ಉಳಿದವಳು ಜಯಂತಿ. ಸುಮತಿಯ ಎಡಪಕ್ಕ ಯಾರು?

ಗಡಿಯಾರದ ದಿಕ್ಕಿನಲ್ಲಿ 1ರಿಂದ 6ರವರೆಗೆ ಕುರ್ಚಿಗೆ ನಂಬರು ಕೊಟ್ಟು ಸುಮತಿಯನ್ನು 1ರಲ್ಲಿ ಕೂರಿಸಿ. ರೊನಾಲ್ಡ್ 4. ಒಳಮುಖದವರ ಬಲ ಎಂದರೆ ಗಡಿಯಾರಕ್ಕೆ ವಿರುದ್ಧ, ಹಾಗಾಗಿ ಹಮೀದ್ 5. ಗಣೇಶನಿಗೆ 2 ಮತ್ತು 6 ಆಗದು, ಉಳಿದದ್ದು 3. ಲೀಲಾ 6, ಜಯಂತಿ 2. ಎಡಪಕ್ಕ ಜಯಂತಿ. ಈಗ ಬೇಕೆಂದೇ ಎಡ-ಬಲ ಅದಲುಬದಲು ಮಾಡಿ ಇದನ್ನೇ ಬಿಡಿಸಿ. ಹಮೀದ್ 3, ಗಣೇಶ 5, ಲೀಲಾ 2, ಜಯಂತಿ 6, ಉತ್ತರ ಆಗಲೂ ಜಯಂತಿ! ಪಟ ಕನ್ನಡಿಯಲ್ಲಿ ಕಂಡಂತೆ ತಿರುಗಿತು, ಪ್ರಶ್ನೆಯೂ ಅದರ ಜೊತೆಗೇ ತಿರುಗಿತು. ಹೀಗೆ ತಪ್ಪು ಅಭ್ಯಾಸ ತಿಂಗಳುಗಟ್ಟಲೆ ಸರಿ ಉತ್ತರ ಕೊಡುತ್ತಾ ಹೋಗಿ, ಒಳಮುಖ-ಹೊರಮುಖ ಬೆರೆತ ದಿನ, ಅಥವಾ 'ಗಡಿಯಾರದ ದಿಕ್ಕಿನಲ್ಲಿ ಎಣಿಸಿದರೆ' ಎಂಬ ಪ್ರಶ್ನೆ ಬಂದ ದಿನ ಕೈಕೊಡುತ್ತದೆ.

ನೆನಪಿಟ್ಟುಕೊಳ್ಳಲಿಕ್ಕೆ ದೇವಸ್ಥಾನದಷ್ಟು ಒಳ್ಳೆಯ ಗುರುತು ಬೇರೆ ಇಲ್ಲ. ದೇವರಿಗೆ ಮುಖ ಮಾಡಿ ನಿಂತವರು ಪ್ರದಕ್ಷಿಣೆಗೆ ಎಡಕ್ಕೆ ಹೊರಡುತ್ತಾರೆ. ಪ್ರದಕ್ಷಿಣೆ ಎಂದರೆ ಗಡಿಯಾರದ ದಿಕ್ಕು. ಒಳಮುಖದವರಿಗೆ ಎಡವೇ ಪ್ರದಕ್ಷಿಣೆ, ದೇವರಿಗೆ ಬೆನ್ನು ಹಾಕಿದವರಿಗೆ ಬಲವೇ ಪ್ರದಕ್ಷಿಣೆ. ಪ್ರತಿ ಹೆಸರಿನ ಪಕ್ಕ ಮುಖದ ದಿಕ್ಕಿಗೆ ಒಂದು ಬಾಣ ಹಾಕಿ, ಬಾಣ ಇಲ್ಲದ ಹೆಸರಿನಿಂದ ಎಡ-ಬಲ ಎಣಿಸಬೇಡಿ. ನೇರ ಸಾಲಿನ ಲೆಕ್ಕಕ್ಕೆ ಮಲ್ಪೆ ಕಡಲನ್ನು ನೆನೆಯಿರಿ. ಪಡುವಣಕ್ಕೆ ನಿಂತರೆ ಬಲಗೈ ಬಡಗು, ಎಡಗೈ ತೆಂಕು.

ಸಮಯದ ಮಾತು. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್ ಸಂಸ್ಥೆಯ ಪಿ.ಒ. (ಪ್ರೊಬೇಷನರಿ ಆಫೀಸರ್) ಪೂರ್ವಭಾವಿ ಪರೀಕ್ಷೆಯ ರೀಸನಿಂಗ್ (ತರ್ಕ) ಭಾಗದಲ್ಲಿ 35 ಪ್ರಶ್ನೆಗೆ 20 ನಿಮಿಷ, ಒಂದಕ್ಕೆ 34 ಸೆಕೆಂಡು. ಐದು ಪ್ರಶ್ನೆಗಳ ಒಂದು ಗುಂಪಿಗೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಸುಳಿವುಗಳನ್ನು ಬರೆದಿರುವ ಕ್ರಮದಲ್ಲೇ ತೆಗೆದುಕೊಳ್ಳಬೇಕೆಂದಿಲ್ಲ. 'ಎದುರು', 'ತುದಿಯಲ್ಲಿ', 'ಬಲಕ್ಕೆ ಮೂರನೆಯವ' ಎಂಬಂಥ ಕಚ್ಚಿಕೊಳ್ಳುವ ಸುಳಿವು ಮೊದಲು, 'ಪಕ್ಕದಲ್ಲಿಲ್ಲ' ಎಂಬಂಥವು ಕೊನೆಗೆ. ಎರಡು ನಿಮಿಷ ಕಳೆದೂ ನಾಲ್ಕು ಬೇರೆ ಬೇರೆ ಪಟ ಕೈಯಲ್ಲಿದ್ದರೆ ಆ ಗುಂಪನ್ನು ಬಿಟ್ಟು ಮುಂದೆ ಹೋಗಿ.

ಕಣ್ಣು ಮುಚ್ಚಿ ಗುರುತು ಹಾಕುವುದಕ್ಕೂ ಲೆಕ್ಕ ಉಂಟು. ಐದು ಆಯ್ಕೆ, ತಪ್ಪಿಗೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಪ್ರಶ್ನೆಗೆ 1 ಅಂಕ ಎನ್ನೋಣ. ಐದರಲ್ಲಿ ಒಂದು ಸಲ 1 ಅಂಕ ಬಂದರೆ ನಾಲ್ಕು ಸಲ ಕಾಲು ಕಾಲು ಹೋಗಿ ಮತ್ತೆ 1 ಅಂಕವೇ ಹೋಗುತ್ತದೆ. ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದೇ ಒಂದು ಆಯ್ಕೆಯನ್ನು ಖಚಿತವಾಗಿ ಹೊಡೆದುಹಾಕಿದ್ದರೆ ಮಾತ್ರ ಸರಾಸರಿ ನಿಮ್ಮ ಕಡೆಗೆ ವಾಲುತ್ತದೆ, ಪ್ರಶ್ನೆಗೆ ಹದಿನಾರನೇ ಒಂದು ಅಂಕದಷ್ಟು. ಶ್ರೀಮಂತರಾಗುವ ದಾರಿಯಲ್ಲ, ಆದರೂ ಬಿಡಬೇಡಿ.

ಪ್ರಶ್ನೆ: ಹನ್ನೆರಡು ನಾಣ್ಯ, ಒಂದು ಖೋಟಾ. ಅದು ಭಾರವೋ ಹಗುರವೋ ತಿಳಿಯದು. ಬರೀ ತಕ್ಕಡಿ, ತೂಕದ ಕಲ್ಲು ಇಲ್ಲ, ಮೂರೇ ತೂಕದಲ್ಲಿ ಹಿಡಿಯಬೇಕು. ಆರು-ಆರು ಹಾಕಿ ಶುರುಮಾಡಿದರೆ ಯಾವಾಗಲೂ ನಾಲ್ಕನೇ ತೂಕ ಬೇಕಾಗುತ್ತದೆ. ಒಗಟೇ ತಪ್ಪಾ?
— ಚಿನ್ನದ ಕೆಲಸದವರು, ಉಡುಪಿ

ಉತ್ತರ: ಒಗಟು ಸರಿ ಇದೆ, ಆರು-ಆರು ತಪ್ಪು. ಯಾಕೆ ಎಂಬುದು ತಕ್ಕಡಿ ಮುಟ್ಟುವ ಮೊದಲೇ ಗೊತ್ತಾಗುತ್ತದೆ. ತಕ್ಕಡಿ ಒಂದು ಸಲಕ್ಕೆ ಮೂರು ಮಾತಲ್ಲಿ ಒಂದನ್ನು ಹೇಳುತ್ತದೆ: ಎಡ ತಗ್ಗಿತು, ಬಲ ತಗ್ಗಿತು, ಸಮ. ಎರಡು ತೂಕಕ್ಕೆ 9 ಬಗೆಯ ಮಾತು, ಮೂರಕ್ಕೆ 27. ಪತ್ತೆಹಚ್ಚಬೇಕಾದ ಸಾಧ್ಯತೆ 24, ಹನ್ನೆರಡರಲ್ಲಿ ಯಾವುದೋ ಒಂದು, ಅದು ಭಾರ ಇಲ್ಲವೇ ಹಗುರ. 27ರೊಳಗೆ 24 ಹಿಡಿಸುತ್ತದೆ, ಆದರೆ ಬಿಗಿಯಾಗಿ. ಮೊದಲ ತೂಕ ಆದ ಮೇಲೆ ಯಾವ ದಾರಿಯಲ್ಲೂ 9ಕ್ಕಿಂತ ಹೆಚ್ಚು ಸಾಧ್ಯತೆ ಉಳಿಯಕೂಡದು. ಆರು-ಆರು ಹಾಕಿದರೆ 12 ಉಳಿಯುತ್ತದೆ. ಐದು-ಐದಕ್ಕೆ, ವಾಲಿದರೆ 10. ಮೂರು-ಮೂರಕ್ಕೆ, ಸಮ ಬಂದರೆ ಹೊರಗಿನ ಆರು ನಾಣ್ಯಕ್ಕೆ 12. ನಾಲ್ಕು-ನಾಲ್ಕು ಮಾತ್ರ ಮೂರೂ ಕಡೆ 8ಕ್ಕೆ ನಿಲ್ಲಿಸುತ್ತದೆ.

ನಾಣ್ಯಗಳಿಗೆ 1ರಿಂದ 12 ನಂಬರು ಕೊಡಿ. ಮೊದಲ ತೂಕ: ಎಡಕ್ಕೆ 1, 2, 3, 4, ಬಲಕ್ಕೆ 5, 6, 7, 8.

ಸಮ ಬಂದರೆ ಸುಲಭ. ಖೋಟಾ 9ರಿಂದ 12ರೊಳಗೆ. ಎರಡನೇ ತೂಕಕ್ಕೆ 9, 10, 11ನ್ನು ಒಳ್ಳೆಯದೆಂದು ಖಾತ್ರಿಯಾದ 1, 2, 3ರ ಎದುರು ಇಡಿ. ಸಮವಾದರೆ ಖೋಟಾ 12ನೆಯದು, ಮೂರನೇ ಸಲ ಅದನ್ನು 1ರ ಎದುರಿಟ್ಟು ಭಾರವೋ ಹಗುರವೋ ನೋಡಿ. 9-10-11ರ ಕಡೆ ತಗ್ಗಿದರೆ ಖೋಟಾ ಭಾರದ್ದು ಎಂದಾಯಿತು. 9ನ್ನು 10ರ ಎದುರು ತೂಗಿ, ತಗ್ಗಿದ್ದು ಖೋಟಾ, ಸಮವಾದರೆ 11. ಏರಿದರೆ ಇದನ್ನೇ ಹಗುರಕ್ಕೆ ಮಾಡಿ.

ಮೊದಲ ತೂಕದಲ್ಲಿ ಎಡ ತಗ್ಗಿತೆನ್ನಿ. ಈಗ 1ರಿಂದ 4ರಲ್ಲಿ ಒಂದು ಭಾರ, ಇಲ್ಲವೇ 5ರಿಂದ 8ರಲ್ಲಿ ಒಂದು ಹಗುರ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ. ಒಂದು ತಟ್ಟೆಯ ನಾಣ್ಯವನ್ನು ಇನ್ನೊಂದಕ್ಕೆ ದಾಟಿಸಬಹುದು ಎಂಬುದು ಹೊಳೆಯುವುದಿಲ್ಲ. ಎರಡನೇ ತೂಕ: ಎಡಕ್ಕೆ 1, 2, 5, ಬಲಕ್ಕೆ 3, 4, 6. 7 ಮತ್ತು 8 ಹೊರಗೆ. ಸಮವಾದರೆ 7 ಅಥವಾ 8 ಹಗುರ, ಎರಡನ್ನೂ ಎದುರುಬದುರಿಟ್ಟರೆ ಏರಿದ್ದು ಖೋಟಾ. ಎಡ ತಗ್ಗಿದರೆ 1 ಭಾರ, 2 ಭಾರ, ಇಲ್ಲವೇ 6 ಹಗುರ. 1ನ್ನು 2ರ ಎದುರಿಡಿ, ತಗ್ಗಿದ್ದು ಖೋಟಾ, ಸಮವಾದರೆ 6. ಬಲ ತಗ್ಗಿದರೆ 3 ಭಾರ, 4 ಭಾರ, ಇಲ್ಲವೇ 5 ಹಗುರ. 3ನ್ನು 4ರ ಎದುರಿಡಿ, ಸಮವಾದರೆ 5.

ಮೊದಲ ತೂಕದಲ್ಲಿ ಬಲ ತಗ್ಗಿದರೆ ಹೊಸತಾಗಿ ಯೋಚಿಸಬೇಕಿಲ್ಲ, ಎರಡೂ ಗುಂಪಿನ ನಂಬರು ಅದಲುಬದಲು ಮಾಡಿ ಇದನ್ನೇ ಓದಿ. ಅಂಗಡಿಯ ತಕ್ಕಡಿಯಲ್ಲಿ ನಿಜದ ನಾಣ್ಯ ಹಾಕಿ ಪರೀಕ್ಷಿಸಲು ಮಾತ್ರ ಹೋಗಬೇಡಿ. ಚಿನ್ನದ ತಕ್ಕಡಿಯ ಸೂಕ್ಷ್ಮಕ್ಕೆ ಸವೆದ ರೂಪಾಯಿ ನಾಣ್ಯಗಳೆಲ್ಲ ಖೋಟಾ ಎಂದೇ ಕಾಣಬಹುದು. ಚೀಟಿಯಲ್ಲಿ ನಂಬರು ಬರೆದು ಆಡಿ. ಹದಿಮೂರು ನಾಣ್ಯವಾದರೂ ಮೂರೇ ತೂಕದಲ್ಲಿ ಖೋಟಾ ಯಾವುದೆಂದು ಹಿಡಿಯಬಹುದು, ಆದರೆ ಅದು ಭಾರವೋ ಹಗುರವೋ ಎಂದು ಪ್ರತಿ ಸಲವೂ ಹೇಳಲಿಕ್ಕಾಗದು.

ಪ್ರಶ್ನೆ: ಸುಳ್ಳ-ಸತ್ಯವಂತ ಒಗಟಿನಿಂದ ನಮ್ಮ ಹಾಸ್ಟೆಲಿನಲ್ಲಿ ಎರಡು ಪಕ್ಷ ಆಗಿದೆ. ಸತ್ಯವಂತ ಯಾವಾಗಲೂ ಸತ್ಯವನ್ನೇ, ಸುಳ್ಳ ಯಾವಾಗಲೂ ಸುಳ್ಳನ್ನೇ ಹೇಳುತ್ತಾನೆ, ಯಾರು ಯಾರೆಂದು ಹೇಳಬೇಕು. ಶೀನ ಹೇಳುತ್ತಾನೆ: 'ಬಾಬು ಸುಳ್ಳ.' ಬಾಬು: 'ದಾಮು ಸುಳ್ಳ.' ದಾಮು: 'ಶೀನ, ಬಾಬು ಇಬ್ಬರೂ ಸುಳ್ಳರು.' ಉತ್ತರವೇ ಇಲ್ಲ ಎನ್ನುವವರು ಎಂಟು ಜನ.
— ವಿದ್ಯಾರ್ಥಿ, ಮಣಿಪಾಲ

ಉತ್ತರ: ಎಂಟೂ ಜನ ಒಂದೇ ಕಡೆ ಜಾರಿದ್ದಾರೆ. ಶೀನನನ್ನು ಹಿಡಿದುಕೊಳ್ಳಿ. ಅವನು ಸತ್ಯವಂತನಾದರೆ ಬಾಬು ಸುಳ್ಳ, ಬಾಬುವಿನ ಮಾತು ಸುಳ್ಳಾದ್ದರಿಂದ ದಾಮು ಸತ್ಯವಂತ, ಆದರೆ ದಾಮು ಶೀನನನ್ನೂ ಸುಳ್ಳ ಎನ್ನುತ್ತಾನೆ. ಮುರಿಯಿತು. ಶೀನ ಸುಳ್ಳನಾದರೆ ಬಾಬು ಸತ್ಯವಂತ, ದಾಮು ಸುಳ್ಳ. ನಿಮ್ಮವರು ಜಾರಿದ್ದು ಇಲ್ಲಿ. ದಾಮುವಿನ ಮಾತು ಸುಳ್ಳು ಎಂದರೆ 'ಇಬ್ಬರೂ ಸತ್ಯವಂತರು' ಎಂದು ಓದಿಕೊಂಡು, ಶೀನ ಸುಳ್ಳನಲ್ಲವಾ ಎಂದು ಜಗಳಕ್ಕೆ ನಿಂತಿದ್ದಾರೆ. 'ಇಬ್ಬರೂ ಸುಳ್ಳರು' ಎಂಬುದು ಸುಳ್ಳಾಗಲು ಇಬ್ಬರಲ್ಲಿ ಒಬ್ಬ ಸತ್ಯ ಹೇಳಿದರೆ ಸಾಕು. ಬಾಬು ಹೇಳುತ್ತಿದ್ದಾನೆ. ಬಾಬು ಸತ್ಯವಂತ, ಉಳಿದಿಬ್ಬರು ಸುಳ್ಳರು, ಬೇರೆ ಉತ್ತರ ಇಲ್ಲ. ಈ ಜಾತಿಯ ಒಗಟಿನಲ್ಲಿ ಆಗುವ ತಪ್ಪಿನಲ್ಲಿ ಹೆಚ್ಚಿನದು 'ಮತ್ತು', 'ಎಲ್ಲರೂ', 'ಇಬ್ಬರೂ' ಎಂಬುದನ್ನು ತಿರುಗಿಸುವಾಗಲೇ ಆಗುತ್ತದೆ.

ಪತ್ರದ ಕೊನೆಗೆ ನೀವು ಕೇಳಿದ ದಾರಿಯ ಒಗಟು, ಕವಲಿನಲ್ಲಿ ಇಬ್ಬರ ಬದಲು ಒಬ್ಬನೇ ನಿಂತಿದ್ದು, ಅವನು ಸುಳ್ಳನೋ ಸತ್ಯವಂತನೋ ಗೊತ್ತಿಲ್ಲದಿದ್ದರೆ, ಒಂದೇ ಪ್ರಶ್ನೆಯಲ್ಲಿ ಸರಿ ದಾರಿ ತಿಳಿಯುವುದು ಹೇಗೆ ಎಂದು. ಪಡುಬಿದ್ರಿ ಜಂಕ್ಷನ್ ಎಂದುಕೊಳ್ಳಿ. ಹೀಗೆ ಕೇಳಿ: 'ಇದು ಕಾರ್ಕಳದ ದಾರಿಯಾ ಎಂದು ನಾನು ಕೇಳಿದರೆ ನೀನು ಹೌದು ಎನ್ನುತ್ತೀಯಾ?' ದಾರಿ ಸರಿಯಿದ್ದರೆ ಸತ್ಯವಂತ ಹೌದು ಎನ್ನುತ್ತಾನೆ. ಸುಳ್ಳ ನೇರ ಪ್ರಶ್ನೆಗೆ 'ಅಲ್ಲ' ಎನ್ನುತ್ತಿದ್ದ, ಆದರೆ ಹಾಗೆನ್ನುತ್ತೇನೆ ಎಂಬುದನ್ನೂ ಸುಳ್ಳಾಗಿಯೇ ಹೇಳಬೇಕಾದ್ದರಿಂದ 'ಹೌದು' ಎನ್ನುತ್ತಾನೆ. ಎರಡು ಸುಳ್ಳು ಸೇರಿ ನಿಮ್ಮನ್ನು ಕಾರ್ಕಳಕ್ಕೆ ಮುಟ್ಟಿಸುತ್ತವೆ. 1996ರಲ್ಲಿ ತರ್ಕಶಾಸ್ತ್ರಜ್ಞ ಜಾರ್ಜ್ ಬೂಲೋಸ್ 'ಅತ್ಯಂತ ಕಠಿಣ' ಎಂದು ಪ್ರಕಟಿಸಿದ ಮೂರು ದೇವತೆಗಳ ಒಗಟನ್ನೂ ಇದೇ ಉಪಾಯದಿಂದ ಬಿಡಿಸಬಹುದು. ಅಲ್ಲಿ ಒಬ್ಬ ಬಾಯಿಗೆ ಬಂದದ್ದು ಹೇಳುತ್ತಾನೆ, ಅದು ಸಾಲದೆಂದು ಅವರ ಭಾಷೆಯಲ್ಲಿ 'ಹೌದು' ಯಾವ ಪದ, 'ಅಲ್ಲ' ಯಾವ ಪದ ಎಂದೂ ಗೊತ್ತಿರುವುದಿಲ್ಲ. ಎಂಟು ಜನರ ಪಕ್ಷಕ್ಕೆ ಮುಂದಿನ ಕೆಲಸ ಅದಿರಲಿ.

ಪ್ರಶ್ನೆ: ರಾತ್ರಿ, ತೂಗುಸೇತುವೆ, ಒಂದೇ ಟಾರ್ಚು, ಒಮ್ಮೆಗೆ ಇಬ್ಬರು. ನಾಲ್ವರಿಗೆ ದಾಟಲು 1, 2, 5, 10 ನಿಮಿಷ ಬೇಕು. ಎಲ್ಲರೂ ದಾಟಲು ಕನಿಷ್ಠ ಎಷ್ಟು ನಿಮಿಷ? ನನ್ನ ಉತ್ತರ 19, ಪುಸ್ತಕದ್ದು 17. ಅಚ್ಚಿನ ದೋಷವಾ?
— ಕೆಮ್ಮಣ್ಣು

ಉತ್ತರ: ಊರಲ್ಲೇ ತೂಗುಸೇತುವೆ ಇಟ್ಟುಕೊಂಡವರು 19 ಎನ್ನಬಾರದಿತ್ತು! ಬೇಗ ನಡೆಯುವವನೇ ಎಲ್ಲರನ್ನೂ ಕರೆದುಕೊಂಡು ಹೋಗಿ ಬರಲಿ ಎಂಬ ಲೆಕ್ಕ ನಿಮ್ಮದು: 10, 1, 5, 1, 2. ನಿಧಾನದವರಿಬ್ಬರೂ ಒಟ್ಟಿಗೆ ದಾಟಿದರೆ ಆ 5 ನಿಮಿಷ 10ರೊಳಗೆ ಮುಚ್ಚಿಹೋಗುತ್ತದೆ. 1 ಮತ್ತು 2 ದಾಟಲಿ (2), 1 ವಾಪಸ್ (1), 5 ಮತ್ತು 10 ದಾಟಲಿ (10), ಆಚೆ ಕಾಯುತ್ತಿದ್ದ 2 ವಾಪಸ್ (2), ಮತ್ತೆ 1 ಮತ್ತು 2 (2). ಒಟ್ಟು 17.

ಆದರೆ ನಿಮ್ಮ ವಿಧಾನ ಯಾವಾಗಲೂ ತಪ್ಪಲ್ಲ. ಎರಡನೆಯವನ ಸಮಯದ ಇಮ್ಮಡಿಯನ್ನು, ಮೊದಲನೆಯವ ಮತ್ತು ಮೂರನೆಯವನ ಸಮಯದ ಮೊತ್ತದ ಜೊತೆ ಹೋಲಿಸಿ. ಇಲ್ಲಿ 4 ಮತ್ತು 6, ಇಮ್ಮಡಿ ಕಡಿಮೆ, ಆದ್ದರಿಂದ ನಿಧಾನದವರನ್ನು ಜೋಡಿ ಮಾಡುವುದು ಲಾಭ. 1, 4, 5, 10 ಆಗಿದ್ದರೆ 8 ಮತ್ತು 6. ಆಗ ನಿಮ್ಮ ವಿಧಾನಕ್ಕೆ 21 ನಿಮಿಷ, ಪುಸ್ತಕದ ವಿಧಾನಕ್ಕೆ 23.

ಪ್ರಶ್ನೆ: ಮೂರು ಬಾಗಿಲು, ಒಂದರ ಹಿಂದೆ ಕಾರು. ನಾವು ಒಂದು ಆರಿಸಿದ ಮೇಲೆ ನಡೆಸುವವನು ಖಾಲಿ ಬಾಗಿಲೊಂದನ್ನು ತೆರೆದು 'ಬದಲಿಸುತ್ತೀರಾ' ಎನ್ನುತ್ತಾನೆ. ಬದಲಿಸಿದರೆ ಲಾಭ ಎಂದು ಭಾವನಿಗೆ ಹೇಳಿ ಹೇಳಿ ಸೋತೆ. 'ಎರಡು ಬಾಗಿಲು, ಅರ್ಧಕ್ಕರ್ಧ, ಮಾತು ಮುಗಿಯಿತು' ಎನ್ನುತ್ತಾರೆ.
— ಸುರತ್ಕಲ್

ಉತ್ತರ: ಭಾವನಿಗೆ ಒಳ್ಳೆಯ ಜೊತೆ ಇದೆ. 1990ರಲ್ಲಿ ಅಮೆರಿಕದ ಅಂಕಣಕಾರ್ತಿ ಮೆರಿಲಿನ್ ವೋಸ್ ಸವಾಂಟ್ ತಮ್ಮ ಅಂಕಣದಲ್ಲಿ 'ಬದಲಿಸಿ' ಎಂದು ಬರೆದಾಗ ಸುಮಾರು ಹತ್ತು ಸಾವಿರ ಪತ್ರ ಬಂದವು, ಅವುಗಳಲ್ಲಿ ಸಾವಿರದಷ್ಟು ಪಿಎಚ್‌ಡಿ ಆದವರದ್ದು, ಹೆಚ್ಚಿನವು ನಿಮ್ಮದು ತಪ್ಪು ಎಂದು. ತಪ್ಪಿದ್ದದ್ದು ಪತ್ರ ಬರೆದವರದ್ದು.

ಮಾತು ಬಿಡಿ. ಮೂರು ಗೆರಟೆ, ಒಂದು ಮಂಜೊಟ್ಟಿ ಕಾಯಿ ತನ್ನಿ. ನೀವು ಅಡಗಿಸಿ, ಭಾವ ಆರಿಸಲಿ, ನೀವು ಖಾಲಿ ಗೆರಟೆಯೊಂದನ್ನು ಎತ್ತಿ, ಭಾವ ಬದಲಿಸದೆ ಇರಲಿ. 30 ಸುತ್ತು ಬರೆದಿಡಿ. ಭಾವನಿಗೆ 10ರ ಆಸುಪಾಸು ಸಿಗುತ್ತದೆ, ಉಳಿದದ್ದೆಲ್ಲ ಬದಲಿಸಿದ್ದರೆ ಸಿಗುತ್ತಿತ್ತು. ಅದಕ್ಕಿಂತ ಒಳ್ಳೆಯದು ಭಾವನನ್ನೇ ಅಡಗಿಸುವ ಕಡೆ ಕೂರಿಸುವುದು. ಮೂರರಲ್ಲಿ ಎರಡು ಸಲ ಯಾವ ಗೆರಟೆ ಎತ್ತಬೇಕು ಎಂಬುದರಲ್ಲಿ ತನಗೆ ಆಯ್ಕೆಯೇ ಇಲ್ಲ, ಕಾಯಿ ಇರುವುದನ್ನು ಬಿಟ್ಟು ಎತ್ತಬೇಕು ಎಂಬುದು ಕೈಗೇ ಗೊತ್ತಾಗುತ್ತದೆ. ಹತ್ತನೇ ಸುತ್ತಿಗೆ ಸಾಮಾನ್ಯವಾಗಿ ವಾದ ನಿಲ್ಲುತ್ತದೆ.

ಒಂದು ಷರತ್ತು ಮಾತ್ರ ಬಿಡಬೇಡಿ. ಕಾಯಿ ಎಲ್ಲಿದೆ ಎಂದು ಗೊತ್ತಿದ್ದೇ ಎತ್ತಬೇಕು. ಗೊತ್ತಿಲ್ಲದೆ ಎತ್ತಿ, ಅದೃಷ್ಟಕ್ಕೆ ಖಾಲಿ ಬಂದದ್ದಾದರೆ ಭಾವನ ಅರ್ಧಕ್ಕರ್ಧವೇ ಸರಿ. ಒಗಟು ಹೇಳುವಾಗ ಈ ಸಾಲು ನುಂಗಿಬಿಟ್ಟು ಆಮೇಲೆ ಜಗಳವಾಡುವವರೇ ಹೆಚ್ಚು, ನೀವು ಹೇಳಿದ್ದಿರೋ ಇಲ್ಲವೋ ನೆನಪು ಮಾಡಿಕೊಳ್ಳಿ.

ಪ್ರಶ್ನೆ: ಐದು ಬಣ್ಣದ ಮನೆ, ಐದು ದೇಶದವರು, ಮೀನು ಸಾಕಿದವರು ಯಾರು ಎಂಬ ಐನ್‌ಸ್ಟೈನ್ ಒಗಟು ವಾಟ್ಸಾಪಿನಲ್ಲಿ ಬಂದಿದೆ. ಲೋಕದಲ್ಲಿ ಶೇ. 2 ಜನಕ್ಕೆ ಮಾತ್ರ ಬಿಡಿಸಲಿಕ್ಕೆ ಬರುತ್ತದಂತೆ, ಹೌದಾ ಮಾರಾಯ್ರೆ?
— ಕುಂದಾಪುರ

ಉತ್ತರ: ಐನ್‌ಸ್ಟೈನ್ ಬರೆದದ್ದಕ್ಕೆ ಆಧಾರವಿಲ್ಲ, ಶೇ. 2ಕ್ಕೂ ಇಲ್ಲ. ಈ ಬಗೆಯ ಒಗಟು 1962ರ ಡಿಸೆಂಬರಿನಲ್ಲಿ 'ಲೈಫ್ ಇಂಟರ್‌ನ್ಯಾಷನಲ್' ಪತ್ರಿಕೆಯಲ್ಲಿ ಅಚ್ಚಾಗಿತ್ತು, ಅಲ್ಲಿ ಕೇಳಿದ್ದು ಜೀಬ್ರಾ ಯಾರದ್ದು ಎಂದು. ಐದು ಕಂಬಸಾಲು (ಮನೆ), ಐದು ಅಡ್ಡಸಾಲು (ಬಣ್ಣ, ದೇಶ, ಕುಡಿಯುವುದು, ಸೇದುವುದು, ಪ್ರಾಣಿ) ಹಾಕಿ ಪೆನ್ಸಿಲಿನಲ್ಲಿ ತುಂಬಿದರೆ ಹೈಸ್ಕೂಲಿನ ಮಕ್ಕಳಿಗೂ ಬರುತ್ತದೆ. ಮನಸ್ಸಿನಲ್ಲೇ ಬಿಡಿಸಲು ಹೋದರೆ ಮಂಡೆಬಿಸಿ ಖಂಡಿತ.

ಅದೇ ವಾಟ್ಸಾಪ್ ಗುಂಪಿನಲ್ಲಿ ಬಂದ ಬಾಳೆಹಣ್ಣು-ತೆಂಗಿನಕಾಯಿ ಚಿತ್ರದ ಲೆಕ್ಕದಲ್ಲಿ ಉತ್ತರ ಯಾಕೆ ತಪ್ಪಿತು ಎಂದೂ ಕೇಳಿದ್ದೀರಿ. ತಪ್ಪಿದ್ದು ಬುದ್ಧಿಯಿಂದಲ್ಲ. ಮೇಲಿನ ಸಾಲಿನ ಚಿಪ್ಪಿನಲ್ಲಿ ನಾಲ್ಕು ಹಣ್ಣು, ಕೊನೆಯ ಸಾಲಿನದ್ದರಲ್ಲಿ ಮೂರು. ಅದು ಕಣ್ಣಿನ ಪರೀಕ್ಷೆ.

ಪ್ರಶ್ನೆ: ನಾನು ಒಗಟು ಹಿಡಿದು ಕೂತರೆ ಮಗಳು ಹಿಂದಿನಿಂದ ಬಗ್ಗಿ ನೋಡಿ ಉತ್ತರ ಹೇಳಿಬಿಡುತ್ತಾಳೆ. ಹೇಳಬೇಡ ಎಂದರೆ 'ಅಮ್ಮ, ಸಣ್ಣ ಸುಳಿವು ಅಷ್ಟೇ' ಎನ್ನುತ್ತಾಳೆ, ಆ ಸುಳಿವಿನಲ್ಲೇ ಉತ್ತರ ಇರುತ್ತದೆ. ಸುಳಿವು ಕೊಡುವುದಕ್ಕೂ ಕ್ರಮ ಉಂಟಾ?
— ಗೃಹಿಣಿ, ಬ್ರಹ್ಮಾವರ

ಉತ್ತರ: ಉಂಟು, ಮೂರು ಮೆಟ್ಟಿಲು. ಮೊದಲನೆಯದರಲ್ಲಿ ಎಲ್ಲಿ ನೋಡಬೇಕು ಎಂದು ಮಾತ್ರ: 'ಕೆಳಗಿನ ಎಡ ಚೌಕ ನೋಡು.' ಹತ್ತು ನಿಮಿಷ ಬಿಟ್ಟು ಎರಡನೆಯದು, ಏನನ್ನು ನೋಡಬೇಕು: 'ಅಲ್ಲಿ 4 ಎಲ್ಲೆಲ್ಲಿ ಬರಬಹುದು?' ಮೂರನೆಯದು ಯಾಕೆ ಎಂಬುದು: 'ಆ ಎರಡು ಮನೆಯೂ ಒಂದೇ ಸಾಲಲ್ಲಿವೆ.' ಅಂಕಿಯನ್ನು ಹೇಳುವ ನಾಲ್ಕನೇ ಮೆಟ್ಟಿಲು ಇಲ್ಲ. ಮಗಳಿಗೆ ಈ ಪುಟ ತೋರಿಸಿ. ಅದಕ್ಕೂ ಬಗ್ಗದಿದ್ದರೆ ಅವಳ ಕೈಗೆ ಮೇಲಿನ ಹನ್ನೆರಡು ನಾಣ್ಯ ಕೊಡಿ, ಉತ್ತರ ಇರುವ ಭಾಗವನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳಿ.